ತಡವನ್ನು ಟಿಕೆಟ್ಟಿನ ಕೊನೆಯ ಊರಿನಲ್ಲಿ ಅಳೆಯಿರಿ: ವಿಮಾನಯಾನ ಸಚಿವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಕೇಂದ್ರ ನಾಗರಿಕ ವಿಮಾನಯಾನ ಸಚಿವರು, ನವದೆಹಲಿ.
ಪ್ರತಿ: ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಹಾಗೂ ಕರ್ನಾಟಕದ ಎಲ್ಲ ಸಂಸತ್ ಸದಸ್ಯರು.

ಮಾನ್ಯರೇ,

ಪರದೇಶದಲ್ಲಿ ದುಡಿಯುವವರು ಊರಿಗೆ ಬರುವಾಗ ಸಾಮಾನ್ಯವಾಗಿ ಒಂದು ತಾರೀಖನ್ನು ನೆಚ್ಚಿಕೊಂಡು ಬರುತ್ತಾರೆ. ಅದು ತಂಗಿಯ ಮದುವೆ ಇರಬಹುದು, ತಂದೆಯ ಶಸ್ತ್ರಚಿಕಿತ್ಸೆ ಇರಬಹುದು, ಮಗುವಿನ ಮೊದಲ ಹುಟ್ಟುಹಬ್ಬ ಇರಬಹುದು. ಆ ತಾರೀಖು ದಾಟಿದ ಮೇಲೆ ತಲುಪಿದರೆ ಪ್ರಯಾಣವೇನೋ ಮುಗಿಯುತ್ತದೆ, ಆದರೆ ಯಾವುದಕ್ಕಾಗಿ ಹೊರಟಿದ್ದೆವೋ ಅದು ಕೈತಪ್ಪಿರುತ್ತದೆ. ಈ ನಷ್ಟವನ್ನು ನಮ್ಮ ದೇಶದ ವಿಮಾನಯಾನ ನಿಯಮಗಳು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅದನ್ನು ತಮ್ಮ ಗಮನಕ್ಕೆ ತಂದು, ಸರಿಪಡಿಸಬಹುದಾದ ಕೆಲವು ತಿದ್ದುಪಡಿಗಳನ್ನು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯುತ್ತಿರುವುದಕ್ಕೂ ಕಾರಣವಿದೆ. ಖಾಸಗಿಯಾಗಿ ಬರೆದ ದೂರುಗಳಿಗೆ ಬಂದ ಉತ್ತರಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು. ಅಲ್ಲದೆ ಇದೇ ದಾರಿಯಲ್ಲಿ ಓಡಾಡುವ ಇತರರಿಗೂ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ಹೊರಡುವ ಮುಂಚೆಯೇ ತಿಳಿದಿರಲಿ ಎಂಬ ಆಸೆ.

ನನ್ನ ತಾಯಿ ಶಿರಸಿ ತಾಲ್ಲೂಕಿನ ಹಳ್ಳಿಯೊಂದರಲ್ಲಿದ್ದಾರೆ. ಅವರಿಗೆ ಎಂಬತ್ತು ತುಂಬುವ ದಿನ ಮನೆಯಲ್ಲಿ ಒಂದು ಶಾಂತಿ, ಊರವರಿಗೆ ಊಟ ಎಂದು ಗೊತ್ತಾಗಿತ್ತು. ನಮ್ಮ ಕಡೆ ಹುಟ್ಟಿದ ದಿನವನ್ನು ತಾರೀಖಿಗಿಂತ ಹೆಚ್ಚಾಗಿ ಮಾಸ, ನಕ್ಷತ್ರಗಳ ಲೆಕ್ಕದಲ್ಲಿ ಹಿಡಿಯುತ್ತಾರಾದ್ದರಿಂದ, ಭಟ್ಟರು ಪಂಚಾಂಗ ನೋಡಿ ಹೇಳಿದ ದಿನವನ್ನು ನಮಗೆ ಅನುಕೂಲವೆಂದು ಭಾನುವಾರಕ್ಕೆ ತಳ್ಳಲು ಬರುವುದಿಲ್ಲ. ಅಕ್ಕ ಜರ್ಮನಿಯಲ್ಲಿದ್ದಾಳೆ, ನಾನು ಅಮೆರಿಕದ ಪೂರ್ವ ಕರಾವಳಿಯಲ್ಲಿದ್ದೇನೆ. ಇಬ್ಬರೂ ಒಂದೇ ವಿಮಾನಯಾನ ಸಂಸ್ಥೆಯಲ್ಲಿ ಬೇರೆ ಬೇರೆ ಟಿಕೆಟ್ ಮಾಡಿಸಿ, ಪಶ್ಚಿಮ ಏಷ್ಯಾದ ದೊಡ್ಡ ನಿಲ್ದಾಣವೊಂದರಲ್ಲಿ ಕೂಡಿಕೊಂಡು, ಅಲ್ಲಿಂದ ಬೆಂಗಳೂರಿಗೆ ಅಕ್ಕಪಕ್ಕದ ಆಸನಗಳಲ್ಲಿ ಬರುವುದೆಂದು ತಿಂಗಳುಗಳ ಹಿಂದೆಯೇ ನಿಶ್ಚಯಿಸಿದ್ದೆವು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಈ ಪತ್ರದ ತಕರಾರು ಒಂದು ಸಂಸ್ಥೆಯ ಮೇಲಲ್ಲ, ಅಂಥ ಎಲ್ಲ ಸಂಸ್ಥೆಗಳಿಗೂ ಹಾಗೆ ನಡೆದುಕೊಳ್ಳಲು ಬಿಟ್ಟಿರುವ ನಿಯಮದ ಮೇಲೆ. ಅಕ್ಕನೂ ನಾನೂ ಒಂದೇ ವಿಮಾನದಲ್ಲಿ ಕುಳಿತು ಬಂದೆವು ಎಂಬುದನ್ನು ಮಾತ್ರ ದಯವಿಟ್ಟು ನೆನಪಿಡಬೇಕು. ಮುಂದಿನ ವಾದವೆಲ್ಲ ಅದರ ಮೇಲೆ ನಿಂತಿದೆ.

ಹುಟ್ಟುಹಬ್ಬಕ್ಕೆ ಎರಡು ದಿನ ಮೊದಲಿನ ರಾತ್ರಿ ಒಂಬತ್ತರ ಸುಮಾರಿಗೆ ಹೊರಡಬೇಕಿದ್ದ ವಿಮಾನ ಎರಡು ಗಂಟೆ ತಡ ಎಂದು ಮೊದಲು ಫಲಕದಲ್ಲಿ ಬಂತು. ಆ ಎರಡು ಗಂಟೆ ಮುಗಿಯುವ ಹೊತ್ತಿಗೆ ಇನ್ನೆರಡು ಗಂಟೆ ಎಂದಾಯಿತು, ಆಮೇಲೆ ಮತ್ತೆರಡು. ಹೀಗೆ ತುಂಡು ತುಂಡಾಗಿ ಮುಂದೂಡುವುದು ಆಕಸ್ಮಿಕವೋ ಉಪಾಯವೋ ನಾನು ಹೇಳಲಾರೆ, ಆದರೆ ಅದರ ಪರಿಣಾಮ ಏನೆಂದು ಹೇಳಬಲ್ಲೆ: ಬೆಳಗಿನವರೆಗೆ ತಡವಾಗುತ್ತದೆಂದು ಮೊದಲೇ ಹೇಳಿದ್ದರೆ ಹೋಟೆಲಿಗೆ ಕಳುಹಿಸಬೇಕಾಗುತ್ತಿದ್ದ ಇನ್ನೂರು ಮುನ್ನೂರು ಜನ ಗೇಟಿನ ಮುಂದಿನ ಕುರ್ಚಿಗಳಲ್ಲಿ, ಕುರ್ಚಿ ಸಿಗದವರು ನೆಲಹಾಸಿನ ಮೇಲೆ, ಇಡೀ ರಾತ್ರಿ ಕಳೆದರು. ಮಧ್ಯೆ ಒಮ್ಮೆ ಊಟದ ಕೂಪನ್ ಹಂಚಿದರು. ಬಸ್ ಟಿಕೆಟ್ಟಿನಷ್ಟು ಅಗಲದ ಆ ಚೀಟಿಯನ್ನು ಒಂದೇ ಒಂದು ಅಂಗಡಿಯಲ್ಲಿ ಕೊಡಬಹುದಾಗಿತ್ತು. ಸಾಲು ಕರಗಿ ನಮ್ಮ ಸರದಿ ಬರುವಷ್ಟರಲ್ಲಿ ಮಧ್ಯರಾತ್ರಿ ದಾಟಿತ್ತು, ಚೀಟಿಯ ಮೇಲೆ ಹಿಂದಿನ ದಿನದ ತಾರೀಖಿತ್ತು, ಗಲ್ಲಾದಲ್ಲಿದ್ದ ಹುಡುಗ ಅದನ್ನು ತಿರುಗಿಸಿ ನೋಡಿ ವಾಪಸ್ ಕೊಟ್ಟ. ಅವನನ್ನು ಬೈದು ಪ್ರಯೋಜನವಿರಲಿಲ್ಲ.

ತಡಕ್ಕೆ ಕಾರಣವೇನೆಂದು ಕೇಳಿದವರಿಗೆ ಮೊದಲು ಸಿಕ್ಕ ಉತ್ತರ ‘ಕಾರ್ಯಾಚರಣೆಯ ಕಾರಣಗಳು’. ನಡುರಾತ್ರಿಯ ಪಾಳಿಗೆ ಬಂದ ಸಿಬ್ಬಂದಿ ‘ತಾಂತ್ರಿಕ ದೋಷ’ ಎಂದರು. ವಾರಗಳ ನಂತರ ನನ್ನ ದೂರಿಗೆ ಬಂದ ಇಮೇಲ್‌ನಲ್ಲಿ ಅದು ‘ಪ್ರಯಾಣಿಕರ ಸುರಕ್ಷತೆಯ ಹಿತದೃಷ್ಟಿಯಿಂದ’ ಎಂದಾಗಿತ್ತು. ದೋಷವಿರುವ ವಿಮಾನವನ್ನು ಹಾರಿಸಬೇಕಿತ್ತೆಂದು ನಾನು ಖಂಡಿತ ಹೇಳುವುದಿಲ್ಲ. ಅದನ್ನು ನಿಲ್ಲಿಸಿದ ಎಂಜಿನಿಯರಿಗೆ ನನ್ನ ನಮಸ್ಕಾರ. ಆದರೆ ವಿಮಾನವನ್ನು ಸುಸ್ಥಿತಿಯಲ್ಲಿಡುವುದು, ಕೆಟ್ಟರೆ ಬದಲಿ ವಿಮಾನ ಒದಗಿಸುವುದು ಸಂಸ್ಥೆಯ ವ್ಯಾಪಾರದ ಖರ್ಚೇ ಹೊರತು ಪ್ರಯಾಣಿಕ ತನ್ನ ರಜೆಯಿಂದ ತುಂಬಿಕೊಡಬೇಕಾದ ಬಾಬ್ತಲ್ಲ.

ಆ ರಾತ್ರಿ ನಮಗಿಂತ ಹೆಚ್ಚು ಕಷ್ಟಪಟ್ಟವರು ಇದ್ದರು. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳ ವೀಸಾ ಮುಗಿಸಿಕೊಂಡು ಮರಳುತ್ತಿದ್ದ ದಾವಣಗೆರೆ ಕಡೆಯ ದಂಪತಿ ನಮ್ಮ ಎದುರಿನ ಸಾಲಿನಲ್ಲಿದ್ದರು. ಗಾಲಿಕುರ್ಚಿಯಲ್ಲಿ ತಂದು ಕೂರಿಸಿದವನು ಕುರ್ಚಿಯನ್ನು ತೆಗೆದುಕೊಂಡು ಹೋದ ಮೇಲೆ ಮತ್ತೆ ಬರಲಿಲ್ಲ. ಶೌಚಾಲಯಕ್ಕೆ ಹೋಗಬೇಕಾದಾಗ ಆ ಅಮ್ಮನನ್ನು ಅಕ್ಕನೇ ಕೈಹಿಡಿದು ಕರೆದೊಯ್ದಳು. ಅವರ ಬಿಪಿ ಮಾತ್ರೆಗಳು ಚೆಕ್-ಇನ್ ಮಾಡಿದ ಪೆಟ್ಟಿಗೆಯಲ್ಲಿದ್ದವು. ಘೋಷಣೆಗಳು ಅರಬ್ಬಿಯಲ್ಲಿ, ಇಂಗ್ಲಿಷಿನಲ್ಲಿ ಬರುತ್ತಿದ್ದವು. ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದ ಯಜಮಾನರು ಪ್ರತಿ ಘೋಷಣೆಗೂ ಎದ್ದು ನಿಂತು ಚೀಲ ಹೆಗಲಿಗೇರಿಸಿ, ‘ನಮ್ದು ಏನ್ರೀ?’ ಎಂದು ನಮ್ಮನ್ನು ನೋಡುತ್ತಿದ್ದರು. ಇನ್ನೊಂದು ಮೂಲೆಯಲ್ಲಿ ಕೊಲ್ಲಿ ದೇಶದಲ್ಲಿ ಕಟ್ಟಡದ ಕೆಲಸ ಮಾಡುವ ರಾಯಚೂರಿನ ಹುಡುಗರಿದ್ದರು. ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯಲ್ಲಿ ಒಂದು ದಿನ ಹೋದರೆ ಅದನ್ನು ಮಾಲೀಕ ಮರಳಿ ಕೊಡುವುದಿಲ್ಲ ಎಂದು ಅವರಲ್ಲೊಬ್ಬ ಹೇಳಿದ. ನನಗಾದರೆ ಬರೆಯಲು ಬರುತ್ತದೆ, ದೂರು ಕೊಡಲು ಪುರುಸೊತ್ತಿದೆ. ಅವರ ಪರವಾಗಿ ನಿಯಮವೇ ಮಾತನಾಡಬೇಕಲ್ಲದೆ ಬೇರೆ ಯಾರಿದ್ದಾರೆ?

ಬೆಳಗಾದ ಮೇಲೆ ನಾವು ಕೌಂಟರಿಗೆ ಹೋಗಿ ಒಂದು ಸರಳ ಬೇಡಿಕೆ ಇಟ್ಟೆವು. ಶಿರಸಿಗೆ ರೈಲಿಲ್ಲ; ಬೆಂಗಳೂರಿನಿಂದ ರಸ್ತೆಯಲ್ಲಿ ಬಂದರೆ 400 ಕಿಲೋಮೀಟರಿನಷ್ಟು ದೂರ. ಗೋವಾ ಅದಕ್ಕಿಂತ ಎಷ್ಟೋ ಹತ್ತಿರ, ಹುಬ್ಬಳ್ಳಿ ಇನ್ನೂ ಹತ್ತಿರ. ಆ ದಿನ ಅದೇ ನಿಲ್ದಾಣದಿಂದ ಮುಂಬೈಗೆ, ಗೋವಾಕ್ಕೆ, ಹೈದರಾಬಾದಿಗೆ ಬೇರೆ ಸಂಸ್ಥೆಗಳ ವಿಮಾನಗಳು ಹೊರಡುತ್ತಿರುವುದು ನಮ್ಮ ಕಣ್ಣೆದುರಿನ ಫಲಕದಲ್ಲೇ ಕಾಣುತ್ತಿತ್ತು. ಅವುಗಳಲ್ಲಿ ಯಾವುದಾದರೊಂದಕ್ಕೆ ನಮ್ಮನ್ನು ಹತ್ತಿಸಿದರೆ ಹುಟ್ಟುಹಬ್ಬದ ಹಿಂದಿನ ರಾತ್ರಿಯೇ ಮನೆ ಸೇರಬಹುದಿತ್ತು. ‘ನಿಮ್ಮ ಟಿಕೆಟ್ ಬೆಂಗಳೂರಿಗಿದೆ, ನಮ್ಮ ವಿಮಾನಕ್ಕಿದೆ’ ಎಂಬ ಉತ್ತರ ಬಂತು. ಬೇಕಾದರೆ ಸ್ವಂತ ಹಣದಲ್ಲಿ ಹೋಗಬಹುದು, ಆದರೆ ಲಗೇಜು ಇಲ್ಲೇ ಉಳಿಯುತ್ತದೆ, ಟಿಕೆಟ್ಟಿನ ಮುಂದಿನ ಭಾಗಗಳೂ, ಅಂದರೆ ಹಿಂದಿರುಗುವ ಪ್ರಯಾಣವೂ, ರದ್ದಾಗಬಹುದು ಎಂದರು.

ಕೊನೆಗೆ ವಿಮಾನ ಹೊರಟದ್ದು ಆ ದಿನ ರಾತ್ರಿ, ನಿಗದಿತ ಸಮಯಕ್ಕಿಂತ ಒಂದು ಹಗಲು ಒಂದು ರಾತ್ರಿ ಕಳೆದು. ಹುಟ್ಟುಹಬ್ಬದ ದಿನ ನಸುಕಿನಲ್ಲಿ ಬೆಂಗಳೂರಿನಲ್ಲಿ ಇಳಿದು, ಬಾಡಿಗೆ ಕಾರು ಹಿಡಿದು ಶಿರಸಿ ಮುಟ್ಟಿದಾಗ ಸಂಜೆಯಾಗಿತ್ತು. ಬೆಳಗಿನ ಶಾಂತಿ ಮುಗಿದಿತ್ತು, ಮಧ್ಯಾಹ್ನದ ಪಂಕ್ತಿಗಳೂ ಎದ್ದಿದ್ದವು. ಮಕ್ಕಳು ಬಂದ ಮೇಲೆಯೇ ಊಟವೆಂದು ಹಟ ಹಿಡಿದು ಕೂತಿದ್ದ ತಾಯಿಗೆ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದ ಮೇಲೆ ಹೊಟ್ಟೆ ಖಾಲಿ ಬಿಡಬಾರದೆಂದು ಚಿಕ್ಕಮ್ಮ ಗದರಿಸಿ ಎರಡು ತುತ್ತು ಉಣ್ಣಿಸಿದ್ದರಂತೆ. ಅವರು ನಮ್ಮನ್ನು ಏನೂ ಕೇಳಲಿಲ್ಲ; ‘ಪಾಪ, ವಿಮಾನದವರು ಏನು ಮಾಡುತ್ತಾರೆ’ ಎಂದರು. ವಿಮಾನದವರು ಏನು ಮಾಡಬಹುದಿತ್ತು ಎಂಬುದನ್ನು ಅಂದಿನಿಂದ ಓದಿ ತಿಳಿದುಕೊಂಡಿದ್ದೇನೆ.

ಅಕ್ಕ ಜರ್ಮನಿಗೆ ಮರಳಿದ ಮೇಲೆ ಸಂಸ್ಥೆಯ ಜಾಲತಾಣದಲ್ಲಿ ಒಂದು ಅರ್ಜಿ ತುಂಬಿದಳು. ಕೆಲವು ವಾರಗಳಲ್ಲಿ ಅವಳ ಖಾತೆಗೆ 600 ಯೂರೋ, ಅಂದರೆ ಸುಮಾರು 60,000 ರೂಪಾಯಿ, ಜಮೆಯಾಯಿತು. ಅದೇ ವಿಮಾನದಲ್ಲಿ ಅವಳ ಪಕ್ಕದ ಆಸನದಲ್ಲಿ ಕುಳಿತು ಅಷ್ಟೇ ತಡವಾಗಿ ಬಂದ ನನಗೆ, ಮುಂದಿನ ಪ್ರಯಾಣದಲ್ಲಿ ಬಳಸಿಕೊಳ್ಳಲು ಒಂದಿಷ್ಟು ಮೈಲಿ ಅಂಕಗಳು ‘ಸದ್ಭಾವನೆಯ ಕುರುಹಾಗಿ’ ಬಂದವು. ಸಂಸ್ಥೆಗೆ ಅಕ್ಕನ ಮೇಲೆ ಪ್ರೀತಿ, ನನ್ನ ಮೇಲೆ ದ್ವೇಷ ಇದ್ದದ್ದರಿಂದ ಹೀಗಾದದ್ದಲ್ಲ. ವಿಮಾನ ಪ್ರಯಾಣಿಕರಿಗೆ ಪರಿಹಾರ ಕೊಡಿಸುವ ಐರೋಪ್ಯ ಒಕ್ಕೂಟದ 2004ರ 261ನೇ ನಿಯಮಾವಳಿ 2005ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಒಕ್ಕೂಟದ ಯಾವುದೇ ನಿಲ್ದಾಣದಿಂದ ಹೊರಡುವ ಪ್ರಯಾಣಿಕನಿಗೆ, ವಿಮಾನ ಯಾವ ದೇಶದ್ದೇ ಆಗಿರಲಿ, ಅದು ಅನ್ವಯಿಸುತ್ತದೆ. ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾಗಿ ತಲುಪಿದವರೂ ಹಾರಾಟ ರದ್ದಾದವರಂತೆಯೇ ಪರಿಹಾರಕ್ಕೆ ಅರ್ಹರು ಎಂದು ಒಕ್ಕೂಟದ ನ್ಯಾಯಾಲಯ 2009ರಲ್ಲಿ ಹೇಳಿತು. ಯಂತ್ರದೋಷವನ್ನು ಸಾಮಾನ್ಯವಾಗಿ, ಪರಿಹಾರದಿಂದ ವಿನಾಯಿತಿ ಕೊಡುವ ‘ಅಸಾಧಾರಣ ಸಂದರ್ಭ’ ಎನ್ನಲಾಗದು ಎಂದು ಅದಕ್ಕೂ ಹಿಂದೆ, 2008ರಲ್ಲೇ ಹೇಳಿತ್ತು. 2018ರಲ್ಲಿ ಬರ್ಲಿನ್‌ನಿಂದ ಕಾಸಾಬ್ಲಾಂಕಾ ಮೂಲಕ ಅಗಾದಿರ್‌ಗೆ ಹೊರಟ ಪ್ರಯಾಣಿಕರೊಬ್ಬರ ಪ್ರಕರಣದಲ್ಲಿ, ಒಂದೇ ಬುಕಿಂಗ್‌ನಲ್ಲಿ ಮಾಡಿದ ಪ್ರಯಾಣವನ್ನು ಒಂದೇ ಹಾರಾಟವೆಂದು ಎಣಿಸಬೇಕು, ತಡವಾದದ್ದು ಯುರೋಪಿನ ಹೊರಗಿನ ಎರಡನೆಯ ಹಂತದಲ್ಲಾದರೂ ಸರಿ ಎಂದು ತೀರ್ಮಾನವಾಯಿತು. ಅಕ್ಕನದು ತದ್ವತ್ ಅದೇ ಪ್ರಕರಣ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅದೇ ಅಕ್ಕ ಅದೇ ಸಂಸ್ಥೆಯಲ್ಲಿ ಬೆಂಗಳೂರಿನಿಂದ ಜರ್ಮನಿಗೆ ಮರಳುವಾಗ ಇಷ್ಟೇ ತಡವಾಗಿದ್ದರೆ ಐರೋಪ್ಯ ನಿಯಮ ಅವಳ ನೆರವಿಗೆ ಬರುತ್ತಿರಲಿಲ್ಲ, ಏಕೆಂದರೆ ಹೊರಗಿನಿಂದ ಒಕ್ಕೂಟಕ್ಕೆ ಬರುವಾಗ ಆ ನಿಯಮ ಐರೋಪ್ಯ ಸಂಸ್ಥೆಗಳ ವಿಮಾನಗಳಿಗಷ್ಟೇ ಅನ್ವಯಿಸುತ್ತದೆ. ಅದು ಸಹಜವೂ ಹೌದು. ತಮ್ಮ ನೆಲದಿಂದ ಹೊರಡುವವರನ್ನು ಅವರು ನೋಡಿಕೊಂಡಿದ್ದಾರೆ. ಬೆಂಗಳೂರಿನಿಂದ, ಮಂಗಳೂರಿನಿಂದ ಹೊರಡುವವರನ್ನೂ ಅಲ್ಲಿಗೆ ಬಂದಿಳಿಯುವವರನ್ನೂ ನೋಡಿಕೊಳ್ಳುವ ಕೆಲಸ ತಮ್ಮದು. ನಾನು ಹೊರಟ ಅಮೆರಿಕದಲ್ಲೂ ತಡಕ್ಕೆ ನಿಗದಿತ ಪರಿಹಾರವಿಲ್ಲ. ಅಂತರರಾಷ್ಟ್ರೀಯ ಹಾರಾಟ ಆರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ತಡವಾದರೆ ಪ್ರಯಾಣವನ್ನೇ ಕೈಬಿಡುವವರಿಗೆ ಹಣ ಮರಳಿಸಬೇಕೆಂದು 2024ರ ನಿಯಮ ಹೇಳುತ್ತದೆ. ಊರಿಗೆ ಹೋಗಲೇಬೇಕೆಂದು ಅರ್ಧ ದಾರಿಯಲ್ಲಿ ನಿಂತವನಿಗೆ ಅದರಿಂದ ಏನೂ ದಕ್ಕುವುದಿಲ್ಲ.

ಹಾಗಾದರೆ ನಮ್ಮ ನಿಯಮ ಏನು ಹೇಳುತ್ತದೆ? ಡಿಜಿಸಿಎ ಈ ವಿಷಯದ ನಿಯಮಾವಳಿಯನ್ನು ಮೊದಲು ಹೊರಡಿಸಿದ್ದು 2010ರಲ್ಲಿ. 2016ರಲ್ಲಿ ಪರಿಹಾರದ ಮೊತ್ತಗಳನ್ನು ಹೆಚ್ಚಿಸಲಾಯಿತು. ಮೊದಲೇ ತಿಳಿಸದೆ ಹಾರಾಟ ರದ್ದುಮಾಡಿದರೆ, ಹಾರಾಟದ ಅವಧಿಗೆ ತಕ್ಕಂತೆ 5,000ದಿಂದ 10,000 ರೂಪಾಯಿ ಅಥವಾ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಇವೆರಡರಲ್ಲಿ ಕಡಿಮೆಯಾದದ್ದು ಸಿಗಬೇಕು. ಆಸನಗಳಿಗಿಂತ ಹೆಚ್ಚು ಟಿಕೆಟ್ ಮಾರಿ ಹತ್ತಲು ಬಿಡದಿದ್ದರೆ 20,000 ರೂಪಾಯಿಯವರೆಗೆ ಸಿಗಬಹುದು. ತಡಕ್ಕೆ ಮಾತ್ರ ಪರಿಹಾರವೆಂದು ಒಂದು ರೂಪಾಯಿಯೂ ಇಲ್ಲ. ತಡವಾದರೆ ತಿಂಡಿ, ಊಟ, 24 ಗಂಟೆ ಮೀರಿದರೆ, ಇಲ್ಲವೇ ರಾತ್ರಿ 8ರಿಂದ ನಸುಕಿನ 3ರ ನಡುವೆ ಹೊರಡುವ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾದರೆ ಹೋಟೆಲು ಸಿಗಬೇಕು. ರದ್ದುಮಾಡಿದರೆ ಹಣ ಕೊಡಬೇಕು, ಒಂದು ದಿನ ತಡಮಾಡಿದರೆ ಕೊಡಬೇಕಿಲ್ಲ ಎಂದಾಗ ಯಾವ ಸಂಸ್ಥೆ ತಾನೇ ಹಾರಾಟವನ್ನು ‘ರದ್ದು’ ಎಂದು ಘೋಷಿಸೀತು? ಎರಡೆರಡು ಗಂಟೆ ಮುಂದೂಡುತ್ತ ಹೋಗುವುದಕ್ಕೆ ನಿಯಮವೇ ದಾರಿ ತೋರಿಸಿಕೊಟ್ಟಂತಾಗಿದೆ.

ಇದಕ್ಕಿಂತ ಆಳದ ದೋಷ ಅಳತೆಯದು. ನಮ್ಮ ನಿಯಮ ತಡವನ್ನು ಅಳೆಯುವುದು ವಿಮಾನ ಹೊರಡಬೇಕಿದ್ದ ಸಮಯದಿಂದ, ಅದೂ ಒಂದೊಂದು ಹಾರಾಟಕ್ಕೆ ಪ್ರತ್ಯೇಕವಾಗಿ. ಪ್ರಯಾಣಿಕ ಟಿಕೆಟ್ ಕೊಳ್ಳುವುದು ಹೊರಡುವುದಕ್ಕಲ್ಲ, ತಲುಪುವುದಕ್ಕೆ. ಮೊದಲ ವಿಮಾನ ಬರೀ ಒಂದೂವರೆ ಗಂಟೆ ತಡವಾಗಿ, ಅದರಿಂದ ದೆಹಲಿಯಲ್ಲೋ ಮುಂಬೈಯಲ್ಲೋ ಎರಡನೆಯದು ತಪ್ಪಿ, ಮರುದಿನದ ವಿಮಾನಕ್ಕೆ ಹಾಕಿದರೆ ಆ ಪ್ರಯಾಣಿಕ ಮನೆ ಸೇರುವುದು ಒಂದು ದಿನ ತಡವಾಗಿ. ಆದರೆ ಮೊದಲ ಹಾರಾಟದ ತಡ ತಿಂಡಿ ಕೊಡಬೇಕಾದ ಮಿತಿಯನ್ನೂ ಮುಟ್ಟಿರುವುದಿಲ್ಲ, ಎರಡನೆಯದು ಸರಿಯಾದ ಹೊತ್ತಿಗೇ ಹೊರಟಿರುತ್ತದೆ. ಪರದೇಶದಿಂದ ಬರುವವರು ದೇಶದೊಳಗೆ ಇಳಿದ ಮೊದಲ ನಿಲ್ದಾಣದಲ್ಲೇ ಇಮಿಗ್ರೇಷನ್ ಮುಗಿಸಿ, ಲಗೇಜು ಬಿಡಿಸಿಕೊಂಡು, ಕಸ್ಟಮ್ಸ್ ದಾಟಿ, ಅದನ್ನು ಮತ್ತೆ ಒಪ್ಪಿಸಬೇಕಾಗಿರುವುದರಿಂದ ಹೀಗಾಗುವುದು ಅಪರೂಪವೇನಲ್ಲ. ಹುಬ್ಬಳ್ಳಿ, ಬೆಳಗಾವಿಗಳಂಥ ನಿಲ್ದಾಣಗಳಿಗೆ ದಿನಕ್ಕೆ ಬೆರಳೆಣಿಕೆಯ ಹಾರಾಟಗಳಿರುವಾಗ ಒಂದು ಸಂಪರ್ಕ ತಪ್ಪಿತೆಂದರೆ ಒಂದು ದಿನ ಹೋಯಿತೆಂದೇ ಅರ್ಥ.

ಪ್ರಯಾಣಿಕರಿಗೆ ಅಂತರರಾಷ್ಟ್ರೀಯ ಹಾರಾಟಗಳಲ್ಲಿ ಸಂಸ್ಥೆಗಳ ಹೊಣೆಯನ್ನು ಗೊತ್ತುಮಾಡುವ ಮಾಂಟ್ರಿಯಲ್ ಒಪ್ಪಂದವಿದೆಯಲ್ಲ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಇದೆ. 1999ರ ಆ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿತು, 1972ರ ವಾಯು ಸಾಗಣೆ ಕಾಯ್ದೆಗೆ ತಿದ್ದುಪಡಿಯೂ ಆಯಿತು. ತಡದಿಂದಾದ ನಷ್ಟಕ್ಕೆ ಸಂಸ್ಥೆ ಹೊಣೆಯೆಂದು ಅದರ 19ನೇ ವಿಧಿ ಹೇಳುತ್ತದೆ. ಒಪ್ಪಂದದಡಿ ತಡಕ್ಕಾಗಿ ಒಬ್ಬ ಪ್ರಯಾಣಿಕನಿಗಿರುವ ಹೊಣೆಯ ಮಿತಿ 2024ರ ಡಿಸೆಂಬರ್ 28ರಿಂದ 6,303 ಎಸ್‌ಡಿಆರ್‌ಗೆ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ), ಅಂದರೆ ಏಳು ಲಕ್ಷ ರೂಪಾಯಿಗೂ ಹೆಚ್ಚಿನ ಮೊತ್ತಕ್ಕೆ ಏರಿದೆ. ಕೇಳಲು ದೊಡ್ಡ ಮೊತ್ತ. ಆದರೆ ಅದು ಮಿತಿಯೇ ಹೊರತು ನಿಗದಿಯಲ್ಲ. ಆದ ನಷ್ಟವನ್ನು ಪ್ರಯಾಣಿಕ ರಸೀದಿಗಳ ಸಮೇತ ರುಜುವಾತುಪಡಿಸಬೇಕು, ಸಂಸ್ಥೆ ತಾನು ಸಾಧ್ಯವಾದ ಎಚ್ಚರಿಕೆಯನ್ನೆಲ್ಲ ವಹಿಸಿದ್ದೆ ಎಂದು ತೋರಿಸಿ ಪಾರಾಗಬಹುದು, ಅಲ್ಲೂ ಒಪ್ಪದಿದ್ದರೆ ಎರಡು ವರ್ಷದೊಳಗೆ ನ್ಯಾಯಾಲಯಕ್ಕೆ ಹೋಗಬೇಕು. ಕಾರಿನ ಬಾಡಿಗೆಗೆ ನನ್ನ ಬಳಿ ರಸೀದಿಯಿದೆ. ತಾಯಿಯ ಎಂಬತ್ತರ ಶಾಂತಿಗೆ ಯಾವ ರಸೀದಿ ತೋರಿಸಲಿ? ನಿಗದಿತ ಪರಿಹಾರದ ಉಪಯೋಗವಿರುವುದೇ ಇಂಥಲ್ಲಿ: ಬೆಲೆ ಕಟ್ಟಲಾಗದ ನಷ್ಟಕ್ಕೆ ಕಾನೂನು ಒಂದು ಸರಾಸರಿ ಬೆಲೆ ಕಟ್ಟಿ, ವಾದವಿವಾದವನ್ನು ಅಲ್ಲಿಗೆ ಮುಗಿಸುತ್ತದೆ.

ಈ ತತ್ವ ನಮ್ಮ ದೇಶಕ್ಕೆ ಹೊಸದೂ ಅಲ್ಲ. 2016ರ ಜೂನ್‌ನಲ್ಲಿ ಅಜ್ಮೀರ್–ಜಮ್ಮು ರೈಲು ಸುಮಾರು ನಾಲ್ಕು ಗಂಟೆ ತಡವಾಗಿ ಬಂದು, ಜಮ್ಮುವಿನಿಂದ ಶ್ರೀನಗರದ ವಿಮಾನ ತಪ್ಪಿಸಿಕೊಂಡ ಕುಟುಂಬವೊಂದು ಗ್ರಾಹಕ ವೇದಿಕೆಗೆ ಹೋಯಿತು. ಆ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿ 2021ರ ಸೆಪ್ಟೆಂಬರ್‌ನಲ್ಲಿ ಇತ್ಯರ್ಥವಾಯಿತು. ತಡಕ್ಕೆ ತನ್ನ ಹಿಡಿತ ಮೀರಿದ ಕಾರಣವಿತ್ತೆಂದು ಸಾಕ್ಷ್ಯ ಸಮೇತ ತೋರಿಸದ ಹೊರತು ರೈಲ್ವೆ ಪರಿಹಾರ ಕೊಡಲೇಬೇಕು, ಪ್ರಯಾಣಿಕರ ಸಮಯ ಅಮೂಲ್ಯ ಎಂದು ನ್ಯಾಯಾಲಯ ಹೇಳಿ, ಟ್ಯಾಕ್ಸಿ, ಬುಕಿಂಗ್ ಖರ್ಚು, ಮಾನಸಿಕ ಯಾತನೆ ಎಲ್ಲ ಸೇರಿ 30,000 ರೂಪಾಯಿಯ ಆದೇಶವನ್ನು ಎತ್ತಿಹಿಡಿಯಿತು. ರೈಲಿಗೆ ಅನ್ವಯಿಸುವ ನ್ಯಾಯ ವಿಮಾನಕ್ಕೆ ಅನ್ವಯಿಸಲಾರದೆಂದು ನನಗೆ ಅನ್ನಿಸುವುದಿಲ್ಲ. ಆದರೆ ಮೂವತ್ತು ಸಾವಿರಕ್ಕಾಗಿ ಐದು ವರ್ಷ ಓಡಾಡುವ ಚೈತನ್ಯ ಎಷ್ಟು ಜನರಿಗಿದ್ದೀತು?

ತಮ್ಮ ಸಚಿವಾಲಯಕ್ಕೂ ಇದು ಗೊತ್ತಿಲ್ಲದ ವಿಷಯವಲ್ಲ. 2018ರ ಮೇ ತಿಂಗಳಲ್ಲಿ ಸಚಿವಾಲಯವೇ ಪ್ರಕಟಿಸಿದ ಪ್ರಯಾಣಿಕರ ಸನ್ನದಿನ ಕರಡಿನಲ್ಲಿ, ಮೊದಲ ಹಾರಾಟ ತಡವಾಗಿ ಸಂಪರ್ಕ ವಿಮಾನ ತಪ್ಪಿದರೆ 5,000ದಿಂದ 20,000 ರೂಪಾಯಿಯವರೆಗೆ ಪರಿಹಾರ ಕೊಡಿಸುವ ಪ್ರಸ್ತಾಪವಿತ್ತು. ವಿಮಾನ ಸಂಸ್ಥೆಗಳು ವಿರೋಧಿಸಿದವು, ಪ್ರಸ್ತಾಪ ನಿಯಮವಾಗದೆ ಉಳಿಯಿತು. ಅಂದರೆ ನಾನು ಕೇಳುತ್ತಿರುವುದು ತಮ್ಮದೇ ಕಡತದಲ್ಲಿರುವ ಕಾಗದವನ್ನು ಮತ್ತೆ ಹೊರತೆಗೆಯಿರಿ ಎಂದಷ್ಟೇ. 1934ರ ವಿಮಾನ ಕಾಯ್ದೆಯ ಜಾಗದಲ್ಲಿ ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಹೊಸ ಕಾಯ್ದೆಯ ಅಡಿಯಲ್ಲಿ ಹಳೆಯ ನಿಯಮಗಳನ್ನು ತಿದ್ದಿ ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಬರಲಾರದು.

ಪರಿಹಾರ ಕಡ್ಡಾಯ ಮಾಡಿದರೆ ಟಿಕೆಟ್ ದರ ಏರುತ್ತದೆ ಎಂಬ ಆಕ್ಷೇಪವನ್ನು ಸಂಸ್ಥೆಗಳು ಎತ್ತುತ್ತವೆ. ಸ್ವಲ್ಪ ಏರಬಹುದು, ಅಲ್ಲಗಳೆಯುವುದಿಲ್ಲ. ಆದರೆ ಯುರೋಪಿನಲ್ಲಿ ಇಪ್ಪತ್ತು ವರ್ಷಗಳಿಂದ ಈ ನಿಯಮವಿದ್ದೂ ಅಗ್ಗದ ದರದ ವಿಮಾನಯಾನ ಅಲ್ಲಿ ಬೆಳೆಯುತ್ತಲೇ ಬಂದಿದೆ. ಈಗಲೂ ತಡದ ಖರ್ಚನ್ನು ಯಾರೋ ಭರಿಸುತ್ತಲೇ ಇದ್ದಾರೆ. ಆ ಯಾರೋ ಎಂದರೆ ರಜೆಯಲ್ಲಿ ಒಂದು ದಿನ ಕಳೆದುಕೊಂಡ ರಾಯಚೂರಿನ ಹುಡುಗ. ಸಂಸ್ಥೆಗಳ ಕೈಯಲ್ಲಿಲ್ಲದ ಕಾರಣಗಳೂ ಇವೆ ಎಂಬುದು ನನಗೆ ತಿಳಿದಿದೆ. 2024ರ ಏಪ್ರಿಲ್ 16ರಂದು ದುಬೈಯಲ್ಲಿ 75 ವರ್ಷಗಳಲ್ಲೇ ಕಾಣದಷ್ಟು ಮಳೆ ಸುರಿದು ನಿಲ್ದಾಣ ಜಲಾವೃತವಾಯಿತು. 2025ರ ಜೂನ್ 23ರ ರಾತ್ರಿ ಕತಾರ್ ತನ್ನ ವಾಯುಪ್ರದೇಶ ಮುಚ್ಚಿದಾಗ ವಿಮಾನಗಳು ಎಲ್ಲೆಲ್ಲೋ ಇಳಿದವು. ಅದೇ ವರ್ಷದ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದ ಮೇಲೆ ಪಶ್ಚಿಮದ ಹಾರಾಟಗಳ ದಾರಿ ಉದ್ದವಾಯಿತು. ಇಂಥವುಗಳಿಗೆ ದಂಡ ಹಾಕಿ ಎಂದು ಯಾರೂ ಕೇಳುತ್ತಿಲ್ಲ. ಕಾರಣ ಇಂಥದ್ದೇ ಎಂದು ಬರೆದು ಕೊಡಲಿ. ಬರೆದದ್ದು ನಿಜವೇ ಎಂದು ಡಿಜಿಸಿಎ ಪರಿಶೀಲಿಸಲಿ. ಸಹಿ ಹಾಕಿ ಬರೆದುಕೊಡಬೇಕಾದಾಗ ‘ಕಾರ್ಯಾಚರಣೆಯ ಕಾರಣಗಳು’ ಎಂಬ ಮುಸುಕು ತಾನಾಗಿಯೇ ಸರಿಯುತ್ತದೆ.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ಮೊದಲನೆಯದಾಗಿ ಒಂದೇ ಟಿಕೆಟ್ಟಿನಲ್ಲಿ ಮಾಡಿದ ಪ್ರಯಾಣವನ್ನು ಒಂದೇ ಪ್ರಯಾಣವೆಂದು ಎಣಿಸಿ, ತಡವನ್ನು ಅದರ ಕೊನೆಯ ನಿಲ್ದಾಣದಲ್ಲಿ ತಲುಪಿದ ಸಮಯದಿಂದ ಅಳೆದು, ದೂರಕ್ಕೂ ತಡಕ್ಕೂ ತಕ್ಕ ನಿಗದಿತ ಪರಿಹಾರವನ್ನು ಗೊತ್ತುಮಾಡಬೇಕು. ಭಾರತದಿಂದ ಹೊರಡುವ ಮತ್ತು ಭಾರತಕ್ಕೆ ಬರುವ ಎಲ್ಲ ಸಂಸ್ಥೆಗಳಿಗೂ, ಸ್ವದೇಶಿಯಾಗಲಿ ವಿದೇಶಿಯಾಗಲಿ, ಅದು ಅನ್ವಯಿಸುತ್ತದೆಂದು ಸಂದೇಹಕ್ಕೆ ಎಡೆಯಿಲ್ಲದಂತೆ ಬರೆಯಬೇಕು. ಮೊತ್ತ ಎಷ್ಟೆಂಬುದರ ಬಗ್ಗೆ ನನಗೆ ಹಟವಿಲ್ಲ, 2018ರ ಕರಡಿನ ಅಂಕಿಗಳಿಂದಲೇ ಆರಂಭಿಸಿದರೂ ಒಪ್ಪಿಗೆ. ಆದರೆ ಅದು ಪ್ರಯಾಣಿಕ ಅರ್ಜಿ ಹಾಕದೆಯೇ, ಟಿಕೆಟ್ಟಿನ ಹಣ ಬಂದ ಖಾತೆಗೆ ತಾನಾಗಿಯೇ ಜಮೆಯಾಗಬೇಕು, ಇಲ್ಲವಾದರೆ ಬರೆಯಲು ಬರುವವರಿಗಷ್ಟೇ ಸಿಕ್ಕೀತು.

ಬೇರೆ ಸಂಸ್ಥೆಯ ವಿಮಾನಕ್ಕೆ ಹತ್ತಿಸುವ ವಿಷಯದಲ್ಲಿ ಕೆನಡಾದ 2019ರ ನಿಯಮ ಮಾದರಿಯಾಗಬಲ್ಲದು. ಕಾರಣ ತಮ್ಮ ಹಿಡಿತದಲ್ಲಿದ್ದಾಗ ಅಲ್ಲಿನ ದೊಡ್ಡ ಸಂಸ್ಥೆಗಳು ಒಂಬತ್ತು ಗಂಟೆಯೊಳಗೆ ತಮ್ಮ ಅಥವಾ ಸಹಭಾಗಿಗಳ ವಿಮಾನದಲ್ಲಿ ಕಳುಹಿಸಲಾಗದಿದ್ದರೆ ಪ್ರತಿಸ್ಪರ್ಧಿಯ ವಿಮಾನದಲ್ಲಾದರೂ ಆಸನ ಕೊಡಿಸಬೇಕು. ನಮ್ಮಲ್ಲಿ ಅದಕ್ಕೆ ಒಂದು ಮಾತು ಸೇರಿಸಬೇಕು: ಪ್ರಯಾಣಿಕ ಒಪ್ಪಿದರೆ ಅವನ ಮನೆಗೆ ಹತ್ತಿರದ ಬೇರೆ ನಿಲ್ದಾಣಕ್ಕೂ ಕಳುಹಿಸಬಹುದು. ಉತ್ತರ ಕನ್ನಡದವನಿಗೆ ಗೋವಾ, ಬೀದರಿನವನಿಗೆ ಹೈದರಾಬಾದ್, ಕೊಡಗಿನವನಿಗೆ ಕಣ್ಣೂರು ಬೆಂಗಳೂರಿಗಿಂತ ಹತ್ತಿರವೆಂಬುದು ದೂರದ ಕಚೇರಿಯ ಕಂಪ್ಯೂಟರಿಗೆ ತಿಳಿಯದಿದ್ದರೂ ಪ್ರಯಾಣಿಕನಿಗೆ ತಿಳಿದಿರುತ್ತದೆ.

ಕೊನೆಯದು ಅತ್ಯಂತ ಕಡಿಮೆ ಖರ್ಚಿನದು. ಐರೋಪ್ಯ ನಿಯಮದ 14ನೇ ವಿಧಿಯ ಪ್ರಕಾರ ಎರಡು ಗಂಟೆ ತಡವಾದೊಡನೆ ಪ್ರತಿ ಪ್ರಯಾಣಿಕನಿಗೂ ಅವನ ಹಕ್ಕುಗಳನ್ನು ಬರಹದಲ್ಲಿ ಕೊಡಬೇಕು. ಬೆಂಗಳೂರು, ಮಂಗಳೂರುಗಳಿಗೆ ಬರುವ, ಅಲ್ಲಿಂದ ಹೊರಡುವ ಪ್ರತಿ ಹಾರಾಟಕ್ಕೂ ಆ ಬರಹ ಕನ್ನಡದಲ್ಲಿಯೂ ಇರಬೇಕು. ಮೊಬೈಲಿಗೆ ಬರುವ ಸಂದೇಶದಲ್ಲಿ, ಗೇಟಿನಲ್ಲಿ ಹಂಚುವ ಚೀಟಿಯಲ್ಲಿ, ಟಿಕೆಟ್ಟಿನ ಹಿಂಬದಿಯಲ್ಲಿ, ದೊಡ್ಡ ಅಕ್ಷರಗಳಲ್ಲಿ. ದಾವಣಗೆರೆಯ ಆ ಯಜಮಾನರು ಪ್ರತಿ ಘೋಷಣೆಗೂ ಎದ್ದು ನಿಲ್ಲಬೇಕಾಗಿ ಬಂದದ್ದು ವಿಮಾನ ಕೆಟ್ಟಿದ್ದರಿಂದಲ್ಲ, ಅವರಿಗೆ ಯಾರೂ ಏನನ್ನೂ ಹೇಳದೆ ಹೋದದ್ದರಿಂದ.

ಈ ಬೇಡಿಕೆಗಳಲ್ಲಿ ಯಾವುದನ್ನು ಸಚಿವಾಲಯ ಪರಿಗಣಿಸುತ್ತದೆ, ಯಾವುದನ್ನು ಕೈಬಿಡುತ್ತದೆ ಮತ್ತು 2018ರ ಪ್ರಸ್ತಾಪವನ್ನು ಯಾವ ಕಾರಣಕ್ಕೆ ಕೈಬಿಡಲಾಯಿತು ಎಂಬುದನ್ನು ಲಿಖಿತವಾಗಿ, ಸಾರ್ವಜನಿಕರಿಗೆ ಸಿಗುವಂತೆ ಪ್ರಕಟಿಸಬೇಕೆಂದು ಕೋರುತ್ತೇನೆ. ಕರ್ನಾಟಕದ ಸಂಸದರು ಮುಂದಿನ ಅಧಿವೇಶನದಲ್ಲಿ ಇದೇ ಪ್ರಶ್ನೆಯನ್ನು ಸದನದಲ್ಲಿ ಕೇಳಿದರೆ ಆ ಉತ್ತರ ಇನ್ನಷ್ಟು ಬೇಗ ಸಿಗಬಹುದು.

ಇತಿ ತಮ್ಮ ವಿಶ್ವಾಸಿ,
ಶಿರಸಿ ತಾಲ್ಲೂಕಿನ ಒಬ್ಬ ಅನಿವಾಸಿ ಪ್ರಯಾಣಿಕ